ಸಂಪಾದಕರ ಉತ್ತರ: ಮಾಳಿಗೆ ಮೇಲೆ ಹದಿನೈದು ನಿಮಿಷ

ಪತ್ರ:

ಸಂಪಾದಕರಿಗೆ ನಮಸ್ಕಾರ. ನನಗೆ 54 ವರ್ಷ. 19 ವರ್ಷ ಬಳ್ಳಾರಿಯಲ್ಲಿ ಜೀನ್ಸ್ ಹೊಲಿದೆ. ಭುಜ, ಸೊಂಟ ಎರಡೂ ಹಿಡಿದುಕೊಂಡವು ಅಂತ ಎರಡು ವರ್ಷದ ಹಿಂದೆ ಮಷಿನ್ ಬಿಟ್ಟೆ. ಬೆಂಗಳೂರಿನಲ್ಲಿರುವ ಮಗಳು ಒಂದು ವಿಡಿಯೊ ಕಳಿಸಿದಳು. ಚಿಗಾಂಗ್ ಅಂತೆ, ಉಸಿರಿನ ಜೊತೆ ನಿಧಾನಕ್ಕೆ ಮೈ ಕೈ ಆಡಿಸುವ ಕಸರತ್ತು, ಚೀನಾದ್ದು. ನಾಲ್ಕು ತಿಂಗಳಿಂದ ಬೆಳಗಿನ ಐದೂವರೆಗೆ ಮಾಳಿಗೆ ಮೇಲೆ ಹದಿನೈದು ನಿಮಿಷ ಮಾಡುತ್ತಿದ್ದೇನೆ. ನಿದ್ದೆ ಬರುತ್ತಿದೆ, ಮೈ ಹಗುರ ಅನಿಸುತ್ತದೆ. ಮನೆಯವರು ಮಾತ್ರ "ಗಾಳ್ಯಾಗ ಕೈ ಆಡಿಸಿದ್ರ ಶಕ್ತಿ ಬರ್ತದೇನು? ನಮ್ಮ ಯೋಗ ಇಲ್ಲೇನು?" ಅನ್ನುತ್ತಾರೆ. ಪಕ್ಕದ ಮನೆಯಾಕೆ "ಏನವ್ವಾ, ಮೈಮ್ಯಾಗ ದೇವ್ರು ಬಂದಾನೇನು?" ಅಂತ ನಗುತ್ತಾಳೆ. ಗುರು ಇಲ್ಲದೆ ಮಾಡಬಹುದಾ? ಆ 'ಚಿ' ಅನ್ನೋ ಶಕ್ತಿ ನಿಜವಾಗಿ ಇದೆಯಾ? ಬಿಟ್ಟು ಯೋಗ ಮಾಡಲಾ? ನಿನ್ನೆ ಮನೆಯವರು ಚಹಾ ಹಿಡಿದುಕೊಂಡು ಮಾಳಿಗೆಗೆ ಬಂದಿದ್ದರು. ಏನೂ ಅನ್ನಲಿಲ್ಲ. ಹೆಸರು ಹಾಕಬೇಡಿ.

ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ:

ತಂಗೀ, ಹೆಸರು ಹಾಕಿಲ್ಲ. ಆದರೆ ನಿಮ್ಮ ಓಣಿಯಲ್ಲಿ ಬೆಳಗಿನ ಐದೂವರೆಗೆ ಮಾಳಿಗೆ ಮೇಲೆ ಕೈ ಎತ್ತಿ ನಿಲ್ಲುವವರು ಎಷ್ಟು ಜನ ಇದ್ದಾರು? ಪಕ್ಕದ ಮನೆಯಾಕೆ ನಮ್ಮ ಪತ್ರಿಕೆ ಓದುವವರಾದರೆ ಗುಟ್ಟು ಉಳಿಯುವುದಿಲ್ಲ. ಇರಲಿ ಬಿಡಿ. ದೇವರು ಬಂದಿದ್ದಾನೆ ಅಂತಲೇ ಹೇಳಿಬಿಡಿ. ಅಷ್ಟು ಹೊತ್ತಾದರೂ ಯಾರೂ ಕೆಳಗಿನಿಂದ ಕೂಗಿ ಕರೆಯುವುದಿಲ್ಲ.

ಈ ಸಲ ಮೇಜಿನ ಮೇಲೆ ಪತ್ರಗಳ ಕಟ್ಟೇ ಇತ್ತು. ರಸ್ತೆ, ನೀರು, ರಾಜಕೀಯ. ಎಲ್ಲ ಪಕ್ಕಕ್ಕಿಟ್ಟು ನಿಮ್ಮದನ್ನು ಎತ್ತಿಕೊಂಡೆ. ನಮ್ಮ ಸಹಸಂಪಾದಕರಿಗೆ ಇದು ಹಿಡಿಸಿಲ್ಲ. ಅವರಿಗೂ ಸ್ವಲ್ಪ ಚಿಗಾಂಗ್ ಬೇಕು ಅನಿಸುತ್ತದೆ.

ಮೊದಲು ನಿಮ್ಮ ಮನೆಯವರ ಮಾತಿಗೆ ಮರ್ಯಾದೆ ಕೊಟ್ಟುಬಿಡೋಣ. ಯೋಗ ದೊಡ್ಡ ವಿದ್ಯೆ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಗುರು ಸಿಕ್ಕರೆ ನಮ್ಮ ಕಣ್ಣಿಗೆ ಕಾಣದ ತಪ್ಪನ್ನು ಹಿಂದೆ ನಿಂತು ತಿದ್ದುತ್ತಾರೆ, ಅದೂ ನಿಜ. ಬಿ.ಪಿ., ಸಕ್ಕರೆಯ ಮಾತ್ರೆ ಇದ್ದರೆ ಚಿಗಾಂಗ್ ನಂಬಿ ನಿಲ್ಲಿಸಬೇಡಿ. ಉಸಿರು ಕಟ್ಟಿ ಹಿಡಿಯಬೇಡಿ. ತಲೆ ಸುತ್ತಿದರೆ ಕೂತುಬಿಡಿ. ಯಜಮಾನರ ಪಾಲಿನ ಮಾತು ಇಲ್ಲಿಗೆ ಮುಗಿಯಿತು.

ಇನ್ನು ಆ 'ನಮ್ಮದು' ಅನ್ನುವ ಪದ. ಹತ್ತೊಂಬತ್ತು ವರ್ಷ ನೀವು ಹೊಲಿದದ್ದು ಏನು? ಜೀನ್ಸ್. ಅದು ಅಮೆರಿಕದ ಗಣಿ ಕೆಲಸಗಾರರ ಪ್ಯಾಂಟು. ಯಾವ ದೇಶದ್ದು ಅಂತ ಕೇಳಿ ಬಳ್ಳಾರಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಇವತ್ತು ಜೀನ್ಸ್ ಅಂದರೆ ಬಳ್ಳಾರಿ ಅನ್ನುತ್ತಾರೆ. ಮನೆಯವರ ಹತ್ತಿರವೂ ಒಂದೆರಡು ಇರಬೇಕು, ಕೇಳಿ ನೋಡಿ. ಯೋಗವೂ ನಾವು ಅಂದುಕೊಂಡಷ್ಟು ಮಡಿಯಲ್ಲಿ ಬಂದದ್ದಲ್ಲ. 1930ರ ದಶಕದಲ್ಲಿ ಮೈಸೂರು ಅರಮನೆಯ ಆಸರೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಇವತ್ತು ಜಗತ್ತೆಲ್ಲ ಮಾಡುವ ಆಸನಗಳ ಓಟ ಬಹುಪಾಲು ಅಲ್ಲಿಂದ ಹೊರಟದ್ದು. ಅದರಲ್ಲಿ ಆ ಕಾಲದ ಅಂಗಸಾಧನೆ, ಜಿಮ್ನಾಸ್ಟಿಕ್ಸ್ ಎಷ್ಟು ಬೆರೆತಿದೆ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಬೆರೆತಿದ್ದರೆ ಬೆರೆಯಲಿ. ಬೆನ್ನಿಗೆ ಒಳ್ಳೆಯದಾದರೆ ಸಾಕಲ್ವಾ?

ಇನ್ನೊಂದು ಜಾತಿಯ ಜನ ಇದ್ದಾರೆ. ಅವರು ಉಲ್ಟಾ ಹೊಡೆಯುತ್ತಾರೆ. "ಚಿಗಾಂಗ್ ಕೂಡ ನಮ್ಮದೇ ಸಾರ್, ದಕ್ಷಿಣ ಭಾರತದ ಬೌದ್ಧ ಸನ್ಯಾಸಿ ಬೋಧಿಧರ್ಮ ಹೋಗಿ ಚೀನಾದವರಿಗೆ ಕಲಿಸಿದ್ದು." ಕಥೆ ಚೆನ್ನಾಗಿದೆ. ಆದರೆ ಬೋಧಿಧರ್ಮನ ಹೆಸರಿಗೆ ಅಂಟಿಸಿದ 'ಯಿ ಜಿನ್ ಜಿಂಗ್' ಎಂಬ ಕಸರತ್ತಿನ ಗ್ರಂಥ 17ನೇ ಶತಮಾನದ್ದು. ಆತ ತೀರಿಕೊಂಡು ಸಾವಿರ ವರ್ಷವಾದ ಮೇಲೆ ಬರೆದದ್ದು. ಪರದೇಶದ್ದು ಅಂದರೆ ಬೇಡ, ನಮ್ಮದೇ ಅಂದರೆ ಹೆಮ್ಮೆ. ಈ ಎರಡರ ನಡುವೆ ಯಾರೂ ಐದು ನಿಮಿಷ ನಿಂತು ಉಸಿರು ಬಿಟ್ಟು ನೋಡುವುದಿಲ್ಲ.

ಹೆಸರಿನ ಅರ್ಥ ಹೇಳುತ್ತೇನೆ, ನಿಮಗೆ ಇಷ್ಟವಾಗುತ್ತದೆ. 'ಚಿ' ಅಂದರೆ ಗಾಳಿ, ಉಸಿರು, ಜೀವದ ಕಸುವು. 'ಗಾಂಗ್' ಅಂದರೆ ದಿನಾ ಮಾಡಿ ಮಾಡಿ ಕೈಗೆ ಹತ್ತಿಸಿಕೊಂಡ ಕೆಲಸ. ನಮ್ಮ ಗರಡಿ ಮನೆಯವರು ಅದಕ್ಕೆ ತಾಲೀಮು ಅನ್ನುತ್ತಾರೆ. ಉಸಿರಿನ ತಾಲೀಮು, ಅಷ್ಟೇ. ನಿಮ್ಮ ಯಜಮಾನರಿಗೆ ಈ ಹೆಸರು ಹೇಳಿದರೆ ತಕರಾರು ಅರ್ಧ ಇಳಿಯಬಹುದು.

ಈ ಹೆಸರಿಗೂ ಭಾರಿ ವಯಸ್ಸೇನಿಲ್ಲ. ಕಸರತ್ತು ಹಳೆಯದು, ಅದರ ಮೇಲಿನ ಲೇಬಲ್ ಹೊಸದು. ಲಿಯು ಗುಯಿಝೆನ್ ಅಂತ ಚೀನಾದ ಹೆಬೆಯ್ ಪ್ರಾಂತ್ಯದ ಒಬ್ಬ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ. ಹೊಟ್ಟೆಯಲ್ಲಿ ಹುಣ್ಣು. 1940ರ ದಶಕದ ಕೊನೆಯಲ್ಲಿ ಊರಿನ ಹಿರಿಯರಿಂದ ಒಂದು ಉಸಿರಾಟದ ಕ್ರಮ ಕಲಿತು ಚೇತರಿಸಿಕೊಂಡ. ಆಮೇಲೆ ಸರ್ಕಾರದ ಬೆಂಬಲದಲ್ಲಿ ಅದನ್ನೇ ಚಿಕಿತ್ಸೆ ಮಾಡಿದ, ಬೆಯ್‌ದಾಯ್‌ಹೆಯಲ್ಲಿ ಆರೋಗ್ಯಧಾಮ ನಡೆಸಿದ, 1957ರಲ್ಲಿ ಪುಸ್ತಕ ಬರೆದ. ಮಂತ್ರ, ಧೂಪ, ದೇವರು ಎಲ್ಲ ತೆಗೆದು ಹೊಸ ಸರ್ಕಾರಕ್ಕೆ ಒಪ್ಪುವ ಹಾಗೆ 'ಚಿಗಾಂಗ್' ಅನ್ನುವ ಹೆಸರಿನಡಿ ಎಲ್ಲವನ್ನೂ ತಂದರು. ನಿಮ್ಮ ಪಕ್ಕದ ಮನೆಯಾಕೆ ಆ ದೇವರನ್ನು ವಾಪಸ್ ತಂದಿದ್ದಾರೆ, ನೋಡಿ.

ಕಸರತ್ತು ಎಷ್ಟು ಹಳೆಯದು ಅನ್ನುವುದಕ್ಕೆ ಒಂದು ಚಿತ್ರ ಇದೆ. 1973ರಲ್ಲಿ ಚೀನಾದ ಚಾಂಗ್‌ಷಾ ಹತ್ತಿರ ಮವಾಂಗ್‌ದುಯಿ ಎಂಬಲ್ಲಿ ಒಂದು ಸಮಾಧಿ ಅಗೆದರು. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿ. ಒಳಗೆ ರೇಷ್ಮೆ ಬಟ್ಟೆಯ ಮೇಲೆ 44 ಜನರ ಚಿತ್ರ. ಒಬ್ಬೊಬ್ಬರದು ಒಂದೊಂದು ಭಂಗಿ. ಒಬ್ಬರು ಬಾಗಿದ್ದಾರೆ, ಒಬ್ಬರು ಕೈ ಚಾಚಿದ್ದಾರೆ. ಅವರಲ್ಲಿ ಹೆಂಗಸರೂ ಇದ್ದಾರೆ, ವಯಸ್ಸಾದವರೂ ಇದ್ದಾರೆ. ಸನ್ಯಾಸಿಗಳ ಮಠದ ಚಿತ್ರ ಅಂತ ಅನಿಸುವುದೇ ಇಲ್ಲ. ಓಣಿಯ ಜನ ಮೈಮುರಿದು ಎದ್ದ ಹಾಗಿದೆ.

ನೀವು ಮಾಡುವುದು ಎಂಟು ಭಂಗಿಯದು ಅನಿಸುತ್ತದೆ. ಮಗಳು ಕಳಿಸಿದ ವಿಡಿಯೊದಲ್ಲಿ ಮೊದಲಿಗೆ ಎರಡೂ ಕೈಯಿಂದ ಆಕಾಶ ಎತ್ತುವುದು, ಆಮೇಲೆ ಬಿಲ್ಲು ಎಳೆಯುವುದು ಇದ್ದರೆ ಅದೇ. 'ಬಾ ದ್ವಾನ್ ಜಿನ್' ಅಂತಾರೆ. ಎಂಟು ತುಂಡು ಜರಿ ಬಟ್ಟೆ ಅಂತ ಅರ್ಥ. ಹೊಲಿಗೆಯವರಿಗೆ ಹೇಳಿಮಾಡಿಸಿದ ಹೆಸರು. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ಕುಕ್ಕಬೇಕು. ಏಳು ಕುಕ್ಕಿದರೆ ನೂರು ರೋಗ ಹೋಗುತ್ತದೆ ಅಂತ ಅವರ ಗಾದೆ. ನೂರು ಹೋಗದಿದ್ದರೂ ಕೆಳಗೆ ಮಲಗಿದವರ ನಿದ್ದೆಯಂತೂ ಹೋಗುತ್ತದೆ, ಮೆಲ್ಲಗೆ ಕುಕ್ಕಿ.

ಇನ್ನೊಂದು ಬಗೆ ಇದೆ, 'ಐದು ಪ್ರಾಣಿಗಳ ಆಟ'. ಸುಮಾರು 1,800 ವರ್ಷದ ಹಿಂದಿನ ಹುವಾ ತುವೊ ಎಂಬ ವೈದ್ಯನ ಹೆಸರಲ್ಲಿ ನಡೆದುಬಂದದ್ದು. ಹುಲಿ, ಜಿಂಕೆ, ಕರಡಿ, ಕೋತಿ, ಕೊಕ್ಕರೆ. ಓದಿದಾಗ ನನಗೆ ನಗು ಬಂತು. ಇವೆಲ್ಲ ನಮ್ಮ ಸುತ್ತಮುತ್ತಲೇ ಇವೆಯಲ್ಲ! ಕರಡಿಗೆ ದರೋಜಿಯ ಕರಡಿಧಾಮ ಇದೆ. ಕೋತಿಗೆ ಅಂಜನಾದ್ರಿ. ಜಿಂಕೆ ಬೇಕಾದರೆ ಕೊಪ್ಪಳದ ರೈತರನ್ನು ಕೇಳಿ, ಬೆಳೆ ತಿಂದ ಲೆಕ್ಕ ಕೊಡುತ್ತಾರೆ. ಕೊಕ್ಕರೆ ತುಂಗಭದ್ರೆಯ ಹಿನ್ನೀರಿನಲ್ಲಿ. ಹುಲಿ ಒಂದು ಇಲ್ಲ ಅಂದುಕೊಂಡೆ. ಆಮೇಲೆ ನೆನಪಾಯಿತು, ಮೊಹರಂ ಬಂದರೆ ಅದೂ ಮೈಗೆ ಬಣ್ಣ ಬಳಿದುಕೊಂಡು ಬರುತ್ತದೆ. ಹಲಗೆ ಸದ್ದಿಗೆ ಹುಲಿವೇಷದ ಹುಡುಗ ಹೆಜ್ಜೆ ಇಡುವುದನ್ನು ನೋಡಿ. ಮೊದಲು ಸೊಂಟ ತಿರುಗುತ್ತದೆ, ಭುಜ ಆಮೇಲೆ. ಚಿಗಾಂಗ್ ಹೇಳುವುದೂ ಅದನ್ನೇ. ಸೊಂಟ ಮುಂದೆ, ಕೈ ಅದರ ಹಿಂದೆ.

ಈಗ ನಿಮ್ಮ ಕಷ್ಟದ ಪ್ರಶ್ನೆ. 'ಚಿ' ಇದೆಯಾ? ಯಾವ ಯಂತ್ರವೂ ಅದನ್ನು ಅಳೆದಿಲ್ಲ ತಂಗೀ. ನಾನು ಸುಳ್ಳು ಹೇಳಲಾರೆ. ಆದರೆ ಒಂದು ಕೆಲಸ ಮಾಡಿ. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹುಡುಕಿ. ಉಸಿರು ನಿಧಾನ ಒಳಗೆ ಎಳೆಯಿರಿ. ನಾಡಿ ತುಸು ಜೋರಾಗುತ್ತದೆ. ಉದ್ದಕ್ಕೆ ಹೊರಗೆ ಬಿಡಿ. ನಾಡಿ ನಿಧಾನಕ್ಕೆ ಬರುತ್ತದೆ. ಮೆದುಳಿನಿಂದ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ಅನ್ನುವ ನರದ ಕೆಲಸ ಅದು. ಅದಕ್ಕೇ ನಿಮಗೆ ನಿದ್ದೆ ಬರುತ್ತಿರುವುದು, ಮೈ ಹಗುರ ಅನಿಸುತ್ತಿರುವುದು ಅಂತ ನನ್ನ ನಂಬಿಕೆ. ಇದನ್ನು ಚಿ ಅನ್ನಿ, ಪ್ರಾಣ ಅನ್ನಿ, ನರ ಅನ್ನಿ. ನನಗೆ ಬೇಜಾರಿಲ್ಲ.

ಬೇಜಾರು ಇರುವುದು ಅದನ್ನು ಮಾರುವವರ ಮೇಲೆ. 1980ರ ದಶಕದಲ್ಲಿ ಚೀನಾಕ್ಕೆ ಚಿಗಾಂಗ್ ಜ್ವರ ಬಂತು. ಅಂಗೈಯಿಂದ ಚಿ ಬಿಟ್ಟು ರೋಗ ವಾಸಿ ಮಾಡುತ್ತೇನೆ ಅನ್ನುವ ಗುರುಗಳು ಹುಟ್ಟಿದರು, ಕ್ರೀಡಾಂಗಣ ತುಂಬಿದವು. ಚೀನಾದ ರಾಕೆಟ್ ಪಿತಾಮಹ ಚಿಯನ್ ಷುಯೆಸೆನ್ ಅಂಥವರೇ ಇದು ಹೊಸ ವಿಜ್ಞಾನ ಅಂತ ಬೆನ್ನು ತಟ್ಟಿದರು. ಇಷ್ಟು ಓದಿದವರೂ ಜಾರುತ್ತಾರೆ ಅಂದರೆ ನಮ್ಮದೇನು ಹೇಳಿ. ತೀರಾ ಜಾಸ್ತಿ ಮಾಡಿ ತಲೆ ಕೆಡಿಸಿಕೊಂಡವರೂ ಇದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಅದು ದಾಖಲಾಯಿತು. ಹದಿನೈದು ನಿಮಿಷದವರಿಗೆ ಆ ಭಯ ಬೇಡ.

ನಾನೂ ಒಮ್ಮೆ ಸಿಕ್ಕಿಬಿದ್ದೆ. ಕೆಲವು ವರ್ಷದ ಹಿಂದೆ, ಒಂದು ದೊಡ್ಡ ಊರಿನಲ್ಲಿ ಮೂರು ದಿನದ ಶಿಬಿರ. ಶುಲ್ಕ ಎಷ್ಟು ಅಂತ ಬರೆದರೆ ನಮ್ಮ ಮನೆಯಲ್ಲಿ ಈಗಲೂ ಜಗಳ ಆಗುತ್ತದೆ. ಮೊದಲ ದಿನ ಚಾಪೆ ಕೊಳ್ಳಿ ಅಂದರು. ಎರಡನೇ ದಿನ ತಾಮ್ರದ ಬಾಟಲಿ. ಮೂರನೇ ದಿನ ಗುರುಗಳು ನನ್ನ ತಲೆಯ ಮೇಲೆ ಒಂದು ಗೇಣು ಎತ್ತರಕ್ಕೆ ಕೈ ಹಿಡಿದು "ಬಿಸಿ ಗೊತ್ತಾಗ್ತಿದೆಯಾ?" ಅಂದರು. ಮೇ ತಿಂಗಳು, ಫ್ಯಾನ್ ಕೆಟ್ಟಿತ್ತು. ಗೊತ್ತಾಗ್ತಿದೆ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಲ್ಲುವುದು ಹೇಗೆ ಅಂತ ನನಗೆ ನಿಜವಾಗಿ ಕಲಿಸಿದವರು ಬೇರೆ. ನಾನು ಈ ಕೆಲಸಕ್ಕೆ ಸೇರಿದಾಗ ಅಚ್ಚುಮೊಳೆಯ ಕಾಲ. ನಮ್ಮ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಒಬ್ಬ ಹಿರಿಯ ಕಂಪೋಸಿಟರ್ ಇದ್ದರು. ಬೆಳಗ್ಗೆಯಿಂದ ಸಂಜೆವರೆಗೆ ಮೊಳೆಯ ಖಾನೆಗಳ ಮುಂದೆ ನಿಂತೇ ಕೆಲಸ. ನಾನು ಒಂದು ಗಂಟೆಗೆ ಗೋಡೆಗೆ ಒರಗುತ್ತಿದ್ದೆ. ಅವರು ನನ್ನ ಮೊಣಕಾಲಿನ ಹಿಂಬದಿಗೆ ಸ್ಟಿಕ್ಕಿನಿಂದ ಮೆಲ್ಲಗೆ ತಟ್ಟಿದರು. "ಮೊಣಕಾಲು ಬಿಗಿಬ್ಯಾಡ. ಬಿಗಿದ್ರ ಮಧ್ಯಾಹ್ನಕ್ಕ ಕಾಲು ಸಾಯ್ತಾವ." ಮೊಣಕಾಲು ಒಂದು ಕೂದಲೆಳೆ ಸಡಿಲ, ಭಾರ ಅಂಗಾಲಿನ ನಡುವೆ, ಭುಜ ಇಳಿಬಿಟ್ಟು ನಿಲ್ಲುವುದು. ಚೀನಾದಲ್ಲಿ ಇದಕ್ಕೆ 'ಝಾನ್ ಝುವಾಂಗ್' ಅಂತಾರೆ, ಕಂಬದ ಹಾಗೆ ನಿಲ್ಲುವುದು ಅಂತ ಅರ್ಥ. ಪುಸ್ತಕದಲ್ಲಿ ಇದನ್ನು ಓದಿದ್ದು ಆ ಏಟು ಬಿದ್ದು ಎಷ್ಟೋ ವರ್ಷವಾದ ಮೇಲೆ.

ನನ್ನ ಹಳೆಯ ಹಟ ಇದೇ, ಓದುಗರಿಗೆ ಗೊತ್ತು. ದುಡಿಯುವವರ ಮೈಯಲ್ಲಿ ವಿದ್ಯೆ ಇದೆ. ಅದನ್ನೇ ತೊಳೆದು, ಪ್ಯಾಕ್ ಮಾಡಿ, ರೇಟು ಹಚ್ಚಿ ಅವರಿಗೇ ಮಾರುತ್ತಾರೆ. ಚಿಗಾಂಗ್‌ನಲ್ಲಿ 'ಲಿಯು ಝಿ ಜುಯೆ' ಅಂತ ಇದೆ, ಆರು ಸದ್ದು ಮಾಡುತ್ತಾ ಉಸಿರು ಬಿಡುವುದು. ನಿಮ್ಮ ಅಜ್ಜಿ ಒನಕೆ ಎತ್ತಿ 'ಸುವ್ವಿ' ಅಂತ ಕುಟ್ಟುವಾಗ ಏನು ಮಾಡುತ್ತಿದ್ದರು? ಕೊಡ ತಲೆ ಮೇಲೆ ಹೊತ್ತು ನಡೆಯುವಾಗ ಕತ್ತು ಎಲ್ಲಿರುತ್ತದೆ? ರೊಟ್ಟಿ ಬಡಿಯುವಾಗ ಅಂಗೈ ಬಿಗಿಯಾಗಿದ್ದರೆ ರೊಟ್ಟಿ ಹರಿಯುತ್ತದೆ ಅಂತ ನಿಮಗೆ ಯಾವ ಗುರು ಹೇಳಿದರು? ನಿಮ್ಮ ಮೈಗೆ ಇದೆಲ್ಲ ಗೊತ್ತಿತ್ತು. ಹತ್ತೊಂಬತ್ತು ವರ್ಷ ಮಷಿನ್ ಮುಂದೆ ಬಗ್ಗಿ ಕೂತು ಮರೆತಿತ್ತು. ಈಗ ನೆನಪು ಮಾಡಿಕೊಳ್ಳುತ್ತಿದೆ. ಗುರು ಇಲ್ಲ ಅಂತ ಕೊರಗುವುದು ಬಿಡಿ. ಸ್ವಲ್ಪ ಬೈಯುತ್ತೇನೆ ಅಂತಲೇ ತಿಳಿದುಕೊಳ್ಳಿ: ನಾಲ್ಕು ತಿಂಗಳು ಮಾಡಿ, ನಿದ್ದೆ ಬಂದ ಮೇಲೂ 'ಮಾಡಬಹುದಾ' ಅಂತ ಸಂಪಾದಕರ ಅಪ್ಪಣೆ ಕೇಳುತ್ತೀರಲ್ಲ!

ನನ್ನ ಚಿಂತೆ ಬೇರೆ. ಉಸಿರು ಎಳೆಯಿರಿ ಅನ್ನುತ್ತೇವೆ. ಏನನ್ನು ಎಳೆಯುವುದು? ಬೀಜಿಂಗ್‌ನಲ್ಲಿ 2008ರ ಒಲಿಂಪಿಕ್ಸ್ ಬರುವ ಹೊತ್ತಿಗೆ ಚೀನಾಕ್ಕೆ ಕಬ್ಬಿಣದ ಹಸಿವು. ಸಂಡೂರಿನ ಗುಡ್ಡ ಕರಗಿ ಲಾರಿ ಹತ್ತಿ ಬಂದರಿಗೆ ಹೋಯಿತು. ರಸ್ತೆ ಪಕ್ಕದ ಬೇವಿನ ಎಲೆ ಕೆಂಪು, ಎಮ್ಮೆ ಕೆಂಪು, ಒಣಗಲು ಹಾಕಿದ ಬಿಳಿ ಪಂಚೆ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆದ ಮೇಲೆ ತುಸು ದಿನ ಎಲೆಗಳಿಗೆ ಹಸಿರು ಬಂದಿತ್ತು. ನಮ್ಮ ಗುಡ್ಡ ಅವರಿಗೆ ಹೋದಾಗ ಪರದೇಶ ಅಂತ ಯಾರಿಗೂ ಅನಿಸಲಿಲ್ಲ. ಅಲ್ಲಿಂದ ಒಂದು ಕಸರತ್ತು ಬಂದರೆ ಮಾತ್ರ ನಮ್ಮದಲ್ಲ ಅನ್ನುತ್ತೇವೆ. ಜೂನ್ 21ಕ್ಕೆ ಚಾಪೆ ಹಾಸಿ ಫೋಟೊ ತೆಗೆಸಿಕೊಳ್ಳುವವರು ಜೂನ್ 22ಕ್ಕೆ ಆ ಮೈದಾನದ ಗೇಟಿಗೆ ಬೀಗ ಯಾಕೆ ಅಂತ ಕೇಳುವುದಿಲ್ಲ. ಪಾರ್ಕಿನಲ್ಲಿ ಹೆಂಗಸೊಬ್ಬಳು ಒಬ್ಬಳೇ ಸುಮ್ನೆ ನಿಲ್ಲುವ ಹಾಗಿಲ್ಲ, ನಾಲ್ಕು ಜನ ತಿರುಗಿ ನೋಡುತ್ತಾರೆ. ಅದಕ್ಕೇ ಅಲ್ವಾ ನೀವು ಮಾಳಿಗೆ ಹತ್ತಿದ್ದು?

ಹಾಗಾಗಿ ಆ ಐದೂವರೆಯನ್ನು ಬಿಡಬೇಡಿ. ಲಾರಿಗಳು ಇನ್ನೂ ಜಾಸ್ತಿ ಓಡದ ಹೊತ್ತು, ಧೂಳು ನೆಲದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಐದಕ್ಕೇ ಹತ್ತಿ, ಆರೂವರೆಗೆ ನಮ್ಮೂರ ಬಿಸಿಲು ಬೆನ್ನು ಸುಡುತ್ತದೆ. ಭುಜ ಹಿಡಿದ ದಿನ ಆಕಾಶವನ್ನು ಪೂರ್ತಿ ಎತ್ತಬೇಡಿ, ಅರ್ಧ ಎತ್ತಿದರೂ ಸಾಕು.

ಒಂದು ವಿಷಯ ನೀವು ಪತ್ರದಲ್ಲಿ ಬರೆದಿಲ್ಲ. ಯಜಮಾನರು ಚಹಾ ಹಿಡಿದುಕೊಂಡು ಮಾಳಿಗೆಗೆ ಬಂದರು, ಏನೂ ಅನ್ನಲಿಲ್ಲ ಅಂದಿರಿ. ಲೋಟ ಎಷ್ಟಿದ್ದವು, ಒಂದೋ ಎರಡೋ?