ಡಾಟ್, ಕ್ರಾಸ್ ಪೀಸ್, ಕಾಜಾ ಅಂದರೆ ಇಷ್ಟೇ
ದಾವಣಗೆರೆಯಲ್ಲಿ ಹೊಲಿಗೆ ಕ್ಲಾಸಿಗೆ ಸೇರಿದ್ದೇನೆ, ಡಾಟ್, ಕ್ರಾಸ್ ಪೀಸ್, ಕಾಜಾ ಅಂದರೆ ಒಂದೂ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಲ್ವಾ, ಸುಮ್ನೆ ಬಾಯಿಪಾಠ ಮಾಡಬೇಡಿ. ಮನೆಯಲ್ಲಿರುವ ಹಳೇ ಬ್ಲೌಸ್ ಒಂದನ್ನು ಒಳಗು ಹೊರಗು ಮಾಡಿ ನೋಡಿ. ಎದೆಯ ಹತ್ತಿರ ಬಟ್ಟೆ ಮಡಚಿ, ತುದಿಗೆ ಹೋಗುತ್ತಾ ಚೂಪಾಗುವ ಹಾಗೆ ಹೊಲಿದಿರುತ್ತಾರೆ. ಅದೇ ಡಾಟ್, ಚಪ್ಪಟೆ ಬಟ್ಟೆ ಮೈಗೆ ಸರಿಯಾಗಿ ಕೂರುವುದು ಅದರಿಂದಲೇ. ಕುತ್ತಿಗೆ ಸುತ್ತ ಕೊಡುವ ಸಣ್ಣ ಪಟ್ಟಿ ಕ್ರಾಸ್ ಪೀಸ್. ಅದನ್ನು ಬಟ್ಟೆಯ ನೇರ ಅಂಚಿಗೆ 45 ಡಿಗ್ರಿ ಓರೆಯಾಗಿಯೇ ಕತ್ತರಿಸಬೇಕು, ಯಾಕಂದ್ರೆ ಓರೆ ಪಟ್ಟಿ ಎಳೆದರೆ ಹಿಗ್ಗುತ್ತದೆ, ದುಂಡು ಕುತ್ತಿಗೆಗೆ ಸುಕ್ಕಿಲ್ಲದೆ ತಿರುಗುತ್ತದೆ. ನಾನು ಮೊದಲ ಸಲ ನೇರಕ್ಕೆ ಕತ್ತರಿಸಿ ಇಡೀ ಕುತ್ತಿಗೆ ಬಿಚ್ಚಬೇಕಾಯಿತು. ಕಾಜಾ ಅಂದರೆ ಶರ್ಟಿನಲ್ಲಿ ಗುಂಡಿ ತೂರಿಸುವ ತೂತು, ಅಷ್ಟೇ. ಮಂಡಿಪೇಟೆ ಮಾರ್ಕೆಟ್ ಕಡೆ ಹೋದಾಗ ಅಭ್ಯಾಸಕ್ಕೆ ಕಾಟನ್ ಕಟ್‌ಪೀಸ್ ತನ್ನಿ, ಜಾರುವ ಬಟ್ಟೆ ಈಗಲೇ ಬೇಡ.