ಯುರೋಪಿಗೆಲ್ಲ ಒಂದೇ ಸೇನೆ ಇದ್ದರೆ ಲಾಭವೇನು, ತೊಂದರೆಯೇನು?

ಉಳಿತಾಯವೇ ದೊಡ್ಡ ಲಾಭ. ಈಗ ಜರ್ಮನಿಗೆ ಲೆಪರ್ಡ್ ಟ್ಯಾಂಕು, ಫ್ರಾನ್ಸಿಗೆ ಲೆಕ್ಲೆರ್, ಇಟಲಿಗೆ ಅರಿಯೇಟೆ. ಬಿಡಿಭಾಗ, ರಿಪೇರಿ, ತರಬೇತಿ ಎಲ್ಲಾ ಬೇರೆ ಬೇರೆ. ಸುಮ್ನೆ ಖರ್ಚು ಜಾಸ್ತಿ. ಒಟ್ಟಿಗೆ ಕೊಂಡರೆ ಅದು ಇಳಿಯುತ್ತದೆ, ಅಮೆರಿಕದ ಮುಖ ನೋಡುವುದೂ ತಪ್ಪೀತು.

ಆದರೆ ಯುದ್ಧಕ್ಕೆ ಹೊರಡಿ ಅಂತ ಹೇಳೋರು ಯಾರು? ನನಗೆ ಕಾಣುವ ಅಸಲಿ ತೊಡಕು ಇದೇ. ಸೈನಿಕರನ್ನು ಹೊರಗೆ ಕಾರ್ಯಾಚರಣೆಗೆ ಕಳಿಸಲು ಜರ್ಮನಿಯಲ್ಲಿ ಸಂಸತ್ತು ಒಪ್ಪಬೇಕು. ಫ್ರಾನ್ಸಿನಲ್ಲಿ ಅಧ್ಯಕ್ಷರೇ ಹೊರಡಿಸಬಹುದು. ಐರ್ಲೆಂಡ್, ಆಸ್ಟ್ರಿಯಾ ತಟಸ್ಥ ದೇಶಗಳು ಬೇರೆ. ಪೋಲೆಂಡಿಗಿರುವ ರಷ್ಯಾದ ಭಯ ದೂರದ ಸ್ಪೇನಿಗೆ ಅಷ್ಟಿಲ್ಲ.

1952ರಲ್ಲೇ ಆರು ದೇಶಗಳು ಇಂಥ ಸೇನೆಗೆ ಸಹಿ ಹಾಕಿದ್ದವು. ತಮಾಷೆ ನೋಡಿ, ಆ ಯೋಜನೆ ತಂದ ಫ್ರಾನ್ಸಿನ ಸಂಸತ್ತೇ 1954ರಲ್ಲಿ ಅದನ್ನು ತಳ್ಳಿಹಾಕಿತು. 2007ರಿಂದ ಐರೋಪ್ಯ ಒಕ್ಕೂಟದ ‘ಬ್ಯಾಟಲ್‌ಗ್ರೂಪ್’ ಎಂಬ ತುರ್ತು ಪಡೆಗಳಿವೆ, ತಲಾ ಸುಮಾರು 1,500 ಸೈನಿಕರು. ಒಮ್ಮೆಯೂ ಕಣಕ್ಕಿಳಿದಿಲ್ಲ.