“ಮಿಷಿನ್ ಯಾವಾಗ ಬರುತ್ತೆ?”

ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಈ ಮಗಳ ಮತ್ತು ಅವಳ ಅಪ್ಪನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಡಿಕೇರಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಇಂಥ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ. ಓದಿ ದೊಡ್ಡ ಕೆಲಸಕ್ಕೆ ಸೇರಿದವರು, ಈಗ ಊರಿಗೆ ಬರಲು ಹೆದರುವವರು.

ಈಕೆಗೆ 32 ವರ್ಷ. ತೋಟದ ಮನೆಯ ಮಗಳು, ಬೆಂಗಳೂರಿನಲ್ಲಿ ಕ್ವಾಂಟಮ್ ಕಂಪ್ಯೂಟರ್ ಸಂಶೋಧಕಿ. ಪರಮಾಣುವಿನಂಥ ಅತಿ ಚಿಕ್ಕ ಲೋಕದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಹೊಸ ಬಗೆಯ ಯಂತ್ರ ಅದು. ಎರಡು ವರ್ಷದಿಂದ ಪುತ್ತರಿ ಹಬ್ಬಕ್ಕೂ ಬಂದಿರಲಿಲ್ಲ. ನಿದ್ದೆ ಇಲ್ಲ, ಎದೆ ಢವಢವ. ಮೊದಲು ವೈದ್ಯರಿಗೆ ತೋರಿಸಲು ಹೇಳಿದೆ.

2023ರಲ್ಲಿ ಕೇಂದ್ರ ಸರ್ಕಾರ ಕ್ವಾಂಟಮ್ ಮಿಷನ್ ಎಂಬ ಸಂಶೋಧನಾ ಯೋಜನೆಗೆ 6,003 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತಲ್ಲ, ಆಗಿನಿಂದ ಅಪ್ಪ ಕಂಡವರಿಗೆಲ್ಲ “ನನ್ನ ಮಗಳು ಮಾಡ್ತಿರೋದು ಅದೇ” ಅನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಒಂದೇ ಪ್ರಶ್ನೆ, “ಮಿಷಿನ್ ಯಾವಾಗ ಬರುತ್ತೆ?” ಒಮ್ಮೆ ಅವಳು “ಮುಂದಿನ ವರ್ಷ” ಅಂದುಬಿಟ್ಟಳು. ಆ ಸುಳ್ಳು ಒಳಗೇ ಕೊರೆಯುತ್ತಿತ್ತು.

ಮೂರನೇ ಸಲ ಅಪ್ಪನನ್ನೂ ಕರೆಸಿದೆ. ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದರು. ಅವಳಿಗೆ ನಾನು ಹೇಳಿದ್ದು ಇಷ್ಟೇ: “ಆಗೋದನ್ನ ಬಿಡು, ಏನು ಆಗ್ತಿಲ್ಲ ಅಂತ ಅಪ್ಪನಿಗೆ ಹೇಳು.”

ತಡೆದು ತಡೆದು ಹೇಳಿದಳು. ಚಿಪ್ ಇಡುವ ಫ್ರಿಜ್ ಒಳಗೆ ಮೈನಸ್ 273 ಡಿಗ್ರಿಯ ಹತ್ತಿರದ ಚಳಿ. ಅಷ್ಟಾದರೂ ಕ್ಯೂಬಿಟ್, ಅಂದರೆ ಚಿಪ್ ಮೇಲೆ ಲೆಕ್ಕವನ್ನು ಹಿಡಿದಿಡುವ ಅತಿ ಚಿಕ್ಕ ಘಟಕ, ತನ್ನ ಸ್ಥಿತಿ ಉಳಿಸಿಕೊಳ್ಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಚೂರು ಶಾಖ ಸಾಕು, ಲೋಹದ ಮೇಲಿನ ತೆಳು ಪದರದಲ್ಲಿ ಒಂದು ದೋಷ ಸಾಕು, ಕೆಟ್ಟಿತು. ಆ ತಪ್ಪು ತಿದ್ದಲು ಒಂದರ ಕೆಲಸಕ್ಕೆ ನೂರಾರು ಕ್ಯೂಬಿಟ್ ಬೇಕಾಗಬಹುದು. 2019ರಲ್ಲಿ ಗೂಗಲ್‌ನ 53 ಕ್ಯೂಬಿಟ್ ಯಂತ್ರ ದೊಡ್ಡ ಸುದ್ದಿಯಾಯಿತು, ಆದರೆ ಅದು ಮಾಡಿದ್ದು ಪರೀಕ್ಷೆಯ ಲೆಕ್ಕ, ದಿನಬಳಕೆಯದಲ್ಲ. “ನಾನು ರಿಟೈರ್ ಆಗೋದ್ರೊಳಗೆ ಆಗದೇ ಇರಬಹುದು, ಅಪ್ಪ.”

ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ನೀನು ಅದನ್ನ ಕೆಡದಂತೆ ಎಷ್ಟು ಹೊತ್ತು ಹಿಡಿದಿಟ್ಟಿದ್ದೀಯ?”

“ಸೇರಿದಾಗ 40 ಮೈಕ್ರೋಸೆಕೆಂಡ್. ಈಗ 70.”

“ಅಂದ್ರೆ?”

“ಒಂದು ಸೆಕೆಂಡನ್ನ ಹತ್ತು ಲಕ್ಷ ಪಾಲು ಮಾಡಿದ್ರೆ, ಅದರಲ್ಲಿ 70 ಪಾಲು.”

ತೋಟದ ಲೆಕ್ಕ ಬರೆದು ಪಳಗಿದ ಮನುಷ್ಯ. “ಮುಕ್ಕಾಲು ಪಾಲು ಜಾಸ್ತಿ ಆಯ್ತಲ್ಲ ಮಗಾ. ಇದನ್ನ ಯಾಕೆ ಹೇಳ್ಲಿಲ್ಲ?”

ಅವಳು ಅತ್ತಳು. ನಾನು ತಡೆಯಲಿಲ್ಲ.

ಮೊದಲೇ ಕುಗ್ಗಿದವಳ ಬಾಯಲ್ಲಿ “ಆಗದೇ ಇರಬಹುದು” ಎಂದು ಹೇಳಿಸಿದ್ದು ಸರಿಯಾ ಎಂದು ನನ್ನ ಜೊತೆಗಾರರೊಬ್ಬರು ಕೇಳಿದರು. ಸರಿ ಎಂದೇ ಈಗಲೂ ನನ್ನ ನಂಬಿಕೆ. “ನಿನ್ನಿಂದ ಆಗೇ ಆಗುತ್ತೆ” ಎಂದು ಹೇಳುವವರು ಅವಳಿಗೆ ಕಡಿಮೆ ಇರಲಿಲ್ಲ. ಅವಳ ಮೇಲಿದ್ದ ಹೊರೆಯೇ ಅದು. ಇನ್ನೂ ಆಗದ ಕೆಲಸದ ಒಳಗೇ ಅವಳ ಏಳು ವರ್ಷದ ದುಡಿಮೆ ಇತ್ತು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸುವುದು ಹೇಗೆ?

ಹೆತ್ತವರಲ್ಲಿ ನನ್ನ ಕೋರಿಕೆ ಇದೆ. ಯಾವಾಗ ಮುಗಿಯುತ್ತೆ ಎಂದು ಕೇಳಬೇಡಿ. ಈ ವಾರ ಏನು ಕೆಟ್ಟಿತು, ಏನು ಮಾಡಿ ನೋಡಿದೆ ಎಂದು ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ.

ಅವಳ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಈ ಸಲ ಪುತ್ತರಿಗೆ ಬಂದಿದ್ದಳು. ಪಕ್ಕದ ತೋಟದವರು ಮಿಷಿನ್ ಮಾತು ಎತ್ತಿದಾಗ ಅವಳಿಗಿಂತ ಮೊದಲು ಅಪ್ಪನೇ ಹೇಳಿದರಂತೆ: “ಇನ್ನೂ ಇಲ್ಲ. ಈಗ 70ಕ್ಕೆ ಬಂದಿದೆ.”